ತಾಟಿನ ಮ್ಯಾಲಿನ ಕೈ

ಇವತ್ತ ಮುಂಜಾನೆ ಮೊಮ್ಮಗಳು ನೀಲಾ ತನ್ನ ಟ್ರಂಕಿನ ಬಾಯಿ ತಗದು ಪಡಸಾಲಿಯೊಳಗ ಇಟ್ಟು ಜಳಕಕ್ಕ ಹೋದಳು. ಹಡಗಿನ ಮ್ಯಾಲ ಎಲ್ಲೋ ನೀರು ಹೊಕ್ಕು ಅರಿವಿ ಎಲ್ಲಾ ಥಂಡಿ ಹಿಡದಿದ್ದವು. ಸಜ್ಜಿ ಕೇರಿ ಹಸನ ಮಾಡಾಕ ಮರ ಹಿಡಕೊಂಡು ಹೊಂಟಾಕಿ ನಾನು ಅಲ್ಲೇ ನಿಂತುಬಿಟ್ಟೆ. ತೊಯ್ದ ಉಣ್ಣಿ ವಾಸನಿ, ಅದರ ಕೂಡ ಅರಿವಿಗೆ ಹುಳಾ ಹತ್ತಬಾರದಂತ ಇಟ್ಟ ಡಾಂಬರಗುಳಗಿ ವಾಸನಿ. ಹೊರಗ ಜಿಟಿಜಿಟಿ ಮಳಿ. ಆಕಿ ಹೋಗೂಕ್ಕಿಂತ ಮೊದಲಿನ ಆ ಶ್ರಾವಣ ಹಂಗ ಇದ್ದಕ್ಕಿದ್ದಂಗ ಎದ್ದು ಬಂದು ನನ್ನ ಮುಂದ ಕುಂತಿತು.

ಆಕಿ ಬಂದಾಗಿಂದ ನನ್ನ ಕಾಲು ನೆಲದ ಮ್ಯಾಲಿಲ್ಲ. ಕಮರಿಪೇಟಿಯ ನಮ್ಮ ಓಣಿಯೊಳಗ ಹಾಲು ಹಾಕಾಕಿಗೆ ಹೇಳೇನಿ, ಬಳಿಗಾರಗ ಹೇಳೇನಿ, ಮನಿ ತಪ್ಪಿ ನಮ್ಮ ಬಾಗಲಾ ಬಡದವರಿಗೆ ಸುದ್ದಾ ಒಳಗ ಕರದು ಹೇಳೇನಿ: ನನ್ನ ಮೊಮ್ಮಗಳು ವಿಲಾಯತಿಯಿಂದ ಬಂದಾಳ್ರಿ, ಕಲತ ಬಂದಾಳ್ರಿ, ಹೋದಾಕಿನ ಬಂದಾಳ್ರಿ! ಕಡೀ ಮಾತು ಯಾರಿಗೂ ತಿಳಿಯೂದಿಲ್ಲ. ಅದು ಖರೇ ಐತೋ ಇಲ್ಲೋ ಇವತ್ತ ಮಧ್ಯಾಹ್ನದತನಾ ನನಗೂ ಗೊತ್ತಿರಲಿಲ್ಲ. ಅದಕ್ಕ ಬರಿಯಾಕ ಕುಂತೇನಿ. ನಾನು ಕಲತದ್ದು ಕನ್ನಡ ಎರಡನೇ ಇಯತ್ತೆ. ಅದರಿಂದ ಮುಂದಿನದೆಲ್ಲಾ ನೀಲಾ ಪಾಠ ಓದುವಾಗ ಬಾಜೂಕ ಕುಂತು ಕಿವೀಲೆ ಕಲತದ್ದು. ತಪ್ಪಿದ್ದರ ಹೊಟ್ಟ್ಯಾಗ ಹಾಕ್ಕೊಳ್ರಿ.

ನೀಲಾ ನನ್ನ ಹಿರೇ ಮಗನ ಮಗಳು. ಮಗ, ಸೊಸಿ ಉಪ್ಪಿನಬೆಟಗೇರಿಯೊಳಗ ಹೊಲಾ ನೋಡಿಕೊಂಡಿದ್ದರು. ಹುಡುಗಿ ಸಾಲಿ ಕಲೀಲಿ ಅಂತ ಸಣ್ಣಾಕಿದ್ದಾಗಿಂದ ಹುಬ್ಬಳ್ಳಿಯೊಳಗ ನಮ್ಮ ಹಂತೇಕ ಇಟ್ಟುಕೊಂಡಿದ್ದೆ. ನಮ್ಮ ಯಜಮಾನರದು ಹತ್ತಿ ವ್ಯಾಪಾರ. ಪ್ಯಾಟಿಯೊಳಗ ಅಷ್ಟು ಮಾತಾಡವರು, ಮನೀಗೆ ಬಂದರ ಹೂಂ, ಊಹೂಂ ಎರಡರಾಗ ಸಂಸಾರ ನಡಸವರು. ನೀಲಾನ ಸಾಲಿಯೊಳಗ ಇಂಗ್ರಜಿ ಕಲಿಸೋ ಬಿಳಿ ಹೆಣ್ಣಮಗಳು ಒಬ್ಬರಿದ್ದರು. ಊರೆಲ್ಲಾ ಅವರಿಗೆ ಮಿಸ್‌ಬಾಯಾರು ಅಂತಿತ್ತು. ಸಣ್ಣ ಹುಡುಗರಿಗೆ ಕಲಿಸೋ ವಿದ್ಯಾ ಕಲೀಬೇಕಂತ ನೀಲಾಗ ಹುಚ್ಚು. ಮಿಸ್‌ಬಾಯಾರು ತಮ್ಮ ದೇಶದ ಒಂದು ಕಾಲೇಜಿಗೆ ಬರದು, ಫೀ ಮಾಫಿ ಮಾಡಿಸಿ, ಜಾಗಾ ಕೊಡಿಸಿದರು. ಮಳಿಗಾಲ ಸರಿದು ಸಮುದ್ರ ಶಾಂತ ಆದ ಮ್ಯಾಲ ಮುಂಬೈಯಿಂದ ಹಡಗು.

ಮಗ ಬಂದು ನನ್ನ ಮುಂದ ಕುಂತ. "ಅವ್ವಾ, ಬೆಳಿಸಿದಾಕಿ ನೀನು. ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ. ಶ್ರಾವಣ ಮುಗಿಯೂದ್ರಾಗ ಹೇಳು, ಕಾಲೇಜಿಗೆ ತಾರು ಕಳಸಬೇಕು."

"ನೋಡೂಣು" ಅಂದೆ.

ನನ್ನ ಅಂಜಿಕಿ ಸಮುದ್ರದ್ದಲ್ಲ, ಥಂಡೀದೂ ಅಲ್ಲ. ಹೋದಾಕಿ ಬ್ಯಾರೆ ಆಗಿ ಬಂದ್ರ? ನನ್ನ ಪಡಸಾಲಿಯೊಳಗ ಬೀಗರಂಗ ಕುಂತ್ರ? ಇದನ್ನ ಯಾರ ಮುಂದ ಹೇಳಲಿ? ನೋಡೂಣು ನೋಡೂಣು ಅಂತನ ದಿನಾ ದೂಡಿದೆ. ನನ್ನ ಹೂಂ ಬರೂದಕ್ಕೂ ಮೊದಲ ಮನಿಯೊಳಗ ತಯಾರಿ ನಡದುಬಿಟ್ಟಿತ್ತು.

ಎದುರುಮನಿ ದಾವಲಸಾಬ ಸಿಂಪಿಗ, ನೀಲಾನ ಕೋಟು ಹೊಲಿಯಾಕ ಒಪ್ಪಿದ್ದ. ಹಿಂದಿನ ದೊಡ್ಡ ಯುದ್ಧದಾಗ ಪಲ್ಟಣದ ಅರಿವಿ ಹೊಲಿಯಾಕಂತ ಫ್ರಾನ್ಸಿಗೆ ಹೋಗಿ ಬಂದವ. ಅಷ್ಟಕ್ಕ ಅವಗ ಎಲ್ಲಾ ದೇಶದ ಸುದ್ದಿ ಗೊತ್ತು ಅಂತ ಓಣಿ ನಂಬಿತ್ತು. ಓಣಿಗಿಂತ ಹೆಚ್ಚು ತಾನ ನಂಬಿದ್ದ. ಅಳತಿ ತಗೊಳಾಕ ಬಂದವ ಚಹಾ ಮುಗಿಯೂತನಾ ಕುಂತು ಹೇಳತಿದ್ದ.

"ಅಕ್ಕಾ, ಅಲ್ಲಿ ಥಂಡಿ ಅಂದ್ರ ಏನಂತ ತಿಳದೀದಿ? ಬಾಯಿ ತಗದ್ರ ಹೊಗಿ. ಒಂದ ಚಳಿಗಾಲ ನಾ ಬೀಡೀನ ಮುಟ್ಟಲಿಲ್ಲ, ಪುಕ್ಕಟ ಹೊಗಿ ಬರ್ತೈತಲ್ಲ ಅಂತ."

"ಸಾಕ ಬಿಡೋ ಸುಳ್ಳ್ಯಾ."

"ಖರೇನ ಅಕ್ಕಾ. ಇನ್ನ ಬೂಟು ಹಾಕ್ಕೊಂಡ ಅಡಗಿಮನಿತನಾ ಹೋಗ್ತಾರ."

"ಅಡಗಿಮನೀಗೆ? ಬೂಟ ಹಾಕ್ಕೊಂಡು?"

"ಹಾಸಿಗಿಗೆ ಮಾತ್ರ ಹಾಕ್ಕೊಂಡ ಹೋಗೂದಿಲ್ಲ. ಅದೂ ನಾ ಏನ ಕಣ್ಣಲೆ ನೋಡಿಲ್ಲ."

ನೀಲಾ ಬಿದ್ದು ಬಿದ್ದು ನಗತಿದ್ದಳು. ಆಕಿನೂ ತಾನು ಓದಿದ್ದು ಹೇಳತಿದ್ದಳು. "ಅಜ್ಜಿ, ಅಲ್ಲಿ ನೀರ ಕೊಟ್ರ, ಉಪ್ಪ ಸರಿಸಿದ್ರ, ಬಾಗಲಾ ತಗದ್ರ ಎಲ್ಲಾಕ್ಕೂ ಉಪಕಾರ ಆತು ಅನ್ನಬೇಕಂತ."

"ಮನ್ಯಾಗಿನವರಿಗೂ?"

"ಮನ್ಯಾಗಿನವರಿಗೂ."

"ಅವ್ವಗ?"

"ಹೂಂ."

ದಾವಲಸಾಬ ನಕ್ಕ. ನನಗ ನಗು ಬರಲಿಲ್ಲ. ಹೆತ್ತಾಕಿಗೆ ಉಪಕಾರ ಆತು ಅಂದ್ರ ಋಣ ತೀರಿಸಿ ಎದ್ದು ಹೋದಂಗ ಅಲ್ಲೇನು? ನನ್ನ ಮಾರಿ ನೋಡಿ ದಾವಲಸಾಬ ಮಾತು ಬದಲಿಸಿದ. "ಅಕ್ಕಾ, ಈ ಉಣ್ಣಿ ಭಾಳ ಒರಟ ಐತಿ. ಕೊರಳಾಗಿನ ಲಿಂಗದ ದಾರ ತಿಕ್ಕಿ ಹರೀತೈತಿ. ಎದಿ ಹತ್ರ ಒಳಗ ಮಲಮಲಿದ ಅಸ್ತರ ಕೊಡ್ತೇನಿ." ಅದನ್ನ ಯಾರೂ ಅವಗ ಹೇಳಿರಲಿಲ್ಲ. ನಮಗ ಯಾರಿಗೂ ಹೊಳದಿರಲೂ ಇಲ್ಲ. ಇವತ್ತ ಆ ಕೋಟಿನ ಒಳಗ ಕೈ ಹಾಕಿ ನೋಡಿದೆ. ಹೊರಗಿನ ಉಣ್ಣಿ ಸವದೈತಿ, ಆ ಅಸ್ತರ ಹಂಗ ಐತಿ. ದಾವಲಸಾಬಾ, ನಿನ್ನ ಕೈ ತಣ್ಣಗಿರಲಿ.

ಒಂದಿನ ಮಿಸ್‌ಬಾಯಾರು ನೀಲಾನ್ನ ತಮ್ಮ ಮನೀಗೆ ಚಹಾಕ್ಕ ಕರದರು. ತಮ್ಮ ರೀತಿ ರಿವಾಜು ಇಲ್ಲೇ ಸ್ವಲ್ಪ ರೂಢಿ ಆಗಲಿ ಅಂತ. ಇಸ್ತ್ರಿ ಸೀರಿ ಉಟ್ಟು ಹೋದಾಕಿ, ಸಂಜಿಮುಂದ ಮೊಳಕಾಲತನಾ ಕರೀ ಮಣ್ಣಿನ ರಾಡಿ ಮಾಡಿಕೊಂಡು ಬಂದಳು. ಕಾಲು ತೊಳಕೊಂಡಾಕಿನ ಸೀದಾ ಅಡಗಿಮನೀಗೆ ಹೋಗಿ, ಬುಟ್ಟ್ಯಾಗಿನ ಮುಂಜಾನಿನ ರೊಟ್ಟಿ ತಗೊಂಡು ಗುರೆಳ್ಳ ಚಟ್ನಿ ಹಚ್ಚಿ ನಿಂತ ನಿಂತಲ್ಲೇ ತಿನ್ನಾಕ ಹತ್ತಿದಳು.

"ಯಾಕ, ಅಲ್ಲಿ ಏನೂ ಕೊಡಲಿಲ್ಲೇನು?"

"ಇಟ್ಟಿದ್ರಜ್ಜಿ. ಬ್ರೆಡ್ಡು, ಬೆಣ್ಣಿ, ಬಾಳಿಹಣ್ಣು."

"ಮತ್ತ?"

"ತಗೋತೀ ಏನು ಅಂದ್ರು. ಬ್ಯಾಡ್ರಿ ಅಂದೆ."

"ಆಮ್ಯಾಲ?"

"ಆಮ್ಯಾಲ ತಾಟಿನ ಮ್ಯಾಲ ಜಾಳಗಿ ಮುಚ್ಚಿದ್ರು."

"ಎರಡನೇ ಸಲ ಕೇಳಲಿಲ್ಲ?"

"ಇಲ್ಲ. ಮಳಿ ಸುದ್ದಿ ಮಾತಾಡಿದ್ರು."

ಇನ್ನೊಂದು ರೊಟ್ಟಿ ಆಕಿ ಕೈಯಾಗ ಇಟ್ಟೆ. ನಮ್ಮ ಕಡೆ ಉಣ್ಣಾಕ ಕುಂತವರ ಮೊದಲನೇ ಬ್ಯಾಡ ಬರೇ ಮರ್ಯಾದೀದು. ಎರಡನೇದು ನಾಚಿಕೀದು. ಮೂರನೇದು ಬಂತಂದ್ರ ಆಗ ಹೊಟ್ಟೀ ಮಾತು ಅಂತ ತಿಳೀಬೇಕು. ಮೊದಲನೇ ಸಲಕ್ಕ ಹೂಂ ಹಾಕು ಅನ್ನೋರಿಗೆ ಬಾಯಿಬಡಕರು ಅಂತೀವಿ. ಮೊದಲನೇ ಬ್ಯಾಡಕ್ಕ ಭಾಂಡೆ ತಿರಗಿಸಿಕೊಂಡು ಹೋಗೋರಿಗೆ ಏನಂತಾರೋ ನಂಗೊತ್ತಿಲ್ಲ, ಅಂಥವರನ್ನ ಅಲ್ಲೀತನಾ ನಾ ನೋಡಿರಲಿಲ್ಲ. ಇಲ್ಲೇ ಹಿಂಗಾದ್ರ ಆ ದೇಶದಾಗ ಹುಡುಗಿ ಬ್ಯಾಡ ಬ್ಯಾಡ ಅನಕೋತನ ಹಸದು ಸಾಯ್ತಾಳ!

ಕರದು ಉಣಿಸೂದು ಹೆಂಗಂತ ತೋರಿಸೇ ಬಿಡಬೇಕಂತ ಶ್ರಾವಣ ಸೋಮವಾರ ಮಿಸ್‌ಬಾಯಾರಿಗೆ ಊಟಕ್ಕ ಹೇಳಿಕಳಿಸಿದೆ. ಮಾದ್ಲಿ ಮಾಡಿದ್ದೆ, ಗೋದಿ ಹುರದು ಬೀಸಿ, ಬೆಲ್ಲ, ಪುಟಾಣಿ, ಗಸಗಸಿ ಹಾಕಿ. ಅದರ ಮ್ಯಾಲ ಬಿಸಿ ಹಾಲು, ಕಾಯಿಸಿದ ತುಪ್ಪ. ಅವರು ಪಾಪ ನೆಲದ ಮ್ಯಾಲ ಕಟಗಿ ಮಣಿ ಹಾಕ್ಕೊಂಡು, ಮೊಳಕಾಲು ಒಂದ ಕಡೆ ಸರಿಸಿ, ಭಾಳ ಭಕ್ತಿಯಿಂದ ಕುಂತರು. ಅವರ ಕನ್ನಡ ಪುಸ್ತಕದ ಕನ್ನಡ.

"ಅಮ್ಮನವರೇ, ಸಾಕು" ಅಂದರು. ಇನ್ನೊಂದು ಸೌಟು ಹಾಕಿದೆ.

"ದಯವಿಟ್ಟು ಬೇಡ." ಹಾಕಿದೆ.

ಹಾಕಿದ್ದೆಲ್ಲಾ ತಿಂದರು, ತಿಂದಂಗ ನನಗ ಮತ್ತಷ್ಟು ಹುರುಪು. ಬಿಳಿ ಮಾರಿ ಕೆಂಪಾತು, ಹಣಿ ಮ್ಯಾಲ ಬೆವರು. ಮತ್ತ ತುಪ್ಪದ ಗಿಂಡಿ ತಗೊಂಡು ಬಗ್ಗಿದೆ. ಆಗ ಅವರು ತಾಟಿನ ಮ್ಯಾಲ ಕೈ ಅಡ್ಡ ಇಟ್ಟರು. ಇಟ್ಟದ್ದು ಹೆಂಗ? ಐದೂ ಬೆರಳು ಅಗಲಿಸಿ! ನಾ ಏನ ಮಾಡಲಿ? ಬೆರಳು ಕೂಡಿಸಿ ಕೈ ಇಟ್ಟರ ಖರೇ ಸಾಕಾಗೇತಿ ಅಂತ. ಬೆರಳು ಬಿಟ್ಟು ಇಟ್ಟರ, ಬಾಯಿ ಬ್ಯಾಡ ಅನ್ನಾಕತ್ತೈತಿ, ನೀ ಹಾಕು ಅಂತ. ನಮ್ಮ ಮನಿಯೊಳಗಿನ ಕೂಸಿಗೂ ಗೊತ್ತಿದ್ದ ಮಾತು. ಸುರದೆ. ತುಪ್ಪ ಅವರ ಬೆರಳ ಸಂದಿಯಿಂದ ತಾಟಿಗೆ ಇಳೀತು.

ಮಿಸ್‌ಬಾಯಾರು ತುಪ್ಪದ ಕೈ ಹಂಗ ಎತ್ತಿ ಹಿಡಕೊಂಡು ನನ್ನ ನೋಡಿ ಅಂದರು: "ಅಮ್ಮನವರೇ, ಬೇಡವೆಂದು ನಾನು ಮತ್ತೆ ಮತ್ತೆ ಹೇಳಿರುವೆನು. ನನ್ನ ಕನ್ನಡದಲ್ಲಿ ಏನಾದರೂ ತಪ್ಪಿರುವುದೇ?"

 ನಮ್ಮ ಯಜಮಾನರು, ಹೂಂ ಊಹೂಂ ಬಿಟ್ಟರ ಮಾತಾಡದವರು, ಬಾಯಾಗಿನ ಮಜ್ಜಗಿ ನೆತ್ತಿಗೇರಿ ಕೆಮ್ಮಿ ಕೆಮ್ಮಿ ನಕ್ಕರು. ನೀಲಾ ನಡುವ ಕುಂತು ನಮ್ಮ ರೀತಿ ಅವರಿಗೆ, ಅವರ ರೀತಿ ನನಗ ಬಿಡಿಸಿ ಹೇಳಿದಳು. ಮಿಸ್‌ಬಾಯಾರ ಮಾರಿ ಸಣ್ಣದಾತು. "ಹಾಗಾದರೆ ಅಂದು ನೀಲಾ ನನ್ನ ಮನೆಯಿಂದ ಹಸಿದು ಹೋದಳೇ?" ಅಂದರು. ಕಣ್ಣಾಗ ನೀರು. "ನಮ್ಮಲ್ಲಿ ಎರಡನೆಯ ಸಲ ಕೇಳಿದರೆ ಅವರ ಮಾತನ್ನು ನಂಬಲಿಲ್ಲವೆಂದು ಅರ್ಥ, ಅಮ್ಮನವರೇ."

"ನಮ್ಮಲ್ಲಿ ಕೇಳದಿದ್ರ ಜೀವ ಇಲ್ಲ ಅಂತ ಅರ್ಥ್ರಿ, ಬಾಯಾರ" ಅಂದೆ.

 ಕೈ ತೊಳಿಯಾಕ ನಾನ ನೀರು ಹಾಕಿದೆ. ಆವತ್ತಿನಿಂದ ಅವರು ನನಗ ದೂರದವರಾಗಿ ಕಾಣಲಿಲ್ಲ.

ಹುಡುಗಿ ಅಲ್ಲಿ ಹಸೀಬಾರದಂತ ಮರುದಿನದಿಂದ ನಮ್ಮ ಅಡಗಿಮನಿಯೊಳಗ ಬ್ಯಾರೆ ಸಾಲಿ ಶುರು ಆತು. ನೀಲಾ ಅಡ್ಡಣಿಗಿ ಮ್ಯಾಲ ತಾಟಿಟ್ಟುಕೊಂಡು ಕುಂದ್ರೂದು, ನಾನು ಒಂದ ಸಲ ಕೇಳೂದು, ಆಕಿ ಬ್ಯಾಡ ಅಂದ್ರ ಭಾಂಡೆ ತಗೊಂಡು ಹೊಳ್ಳಿ ಹೋಗೂದು. ಬಾಯಿತಪ್ಪಿ ಬ್ಯಾಡ ಅಂದ ದಿನ ಆಕಿ ಅರಹೊಟ್ಟೀಲೆ ಏಳಬೇಕು. ಆಕಿಗೆ ಲಗೂ ರೂಢಿ ಆತು. ರೂಢಿ ಆಗದಾಕಿ ನಾನು. ಒಲಿ ಕಡೆ ಮಾರಿ ಮಾಡಿ ನಿಂತರ ಕೈಯಾಗಿನ ಸೌಟು ತಾನ ಹಿಂದಕ್ಕ ಹೊರಳತಿತ್ತು.

"ಅಜ್ಜಿ, ಸೋತಿ! ಎರಡನೇ ಸಲ ಕೇಳಿದಿ."

"ನಾ ಎಲ್ಲಿ ಕೇಳೇನಿ? ಸೌಟು ಬಂತು."

ಅಷ್ಟರಾಗ ಬಾಜೂಮನಿಯೊಳಗ ಬಸುರಿಗೆ ಕುಬಸದ ಊಟ. ಹೋಳಗಿ ಬುಟ್ಟಿ ತಂದಾಕಿ "ಇನ್ನೊಂದ ಹಾಕಲೇನ ನೀಲವ್ವ?" ಅಂದ ಕೂಡಲೇ ನಮ್ಮಾಕಿ ತಲಿ ಎತ್ತಿ "ಹೂಂ, ಹಾಕ್ರಿ" ಅಂದಳು. ಪಂಕ್ತಿಯವರೆಲ್ಲಾ ಹೊಳ್ಳಿ ನೋಡಿದರು. ಆ ಮನಿಯಾಕಿ ನನ್ನ ಕಿವ್ಯಾಗ ಬಂದು, "ಏನ್ರಿ ಕಾಕೂ, ಹುಡುಗಿಗೆ ಮನ್ಯಾಗ ಉಪವಾಸ ಇಟ್ಟೀರೇನು?" ಅಂದಳು. ನಾನು ಅಂದೆ, "ಇಲ್ಲವಾ, ವಿಲಾಯತಿ ಭಾಷಾ ಕಲ್ಯಾಕತ್ತಾಳ." ನಕ್ಕರು. ನಾನೂ ನಕ್ಕೆ. ಆದರ ಒಳಗ ಚುರ್ ಅಂತು. ಹೋಗೂಕ್ಕಿಂತ ಮೊದಲ ಬ್ಯಾರೆ ಆಗಾಕತ್ತಾಳಲ್ಲ, ಅದೂ ನನ್ನ ಕೈಯಾಗನ!

ಶ್ರಾವಣ ಮುಗಿಯಾಕ ಬಂತು. ಮಗ ಉಪ್ಪಿನಬೆಟಗೇರಿಯಿಂದ ಚಕ್ಕಡಿ ಕಟಕೊಂಡು ಬಂದ. ಗಾಲಿಗೆ ಎರಿ ಮಣ್ಣು ಮೆತ್ತಿ ಗಾಲೀನ ಕಾಣವಲ್ಲದಾಗಿತ್ತು. ತಾರು ಅವತ್ತ ಹೋಗಬೇಕು. ನಾನು ಪಡಸಾಲಿಯೊಳಗ ಅಕ್ಕಿ ಹಸನ ಮಾಡಾಕತ್ತಿದ್ದೆ. ನೀಲಾ ಬಂದು ನನ್ನ ಮುಂದ ಮೊಳಕಾಲೂರಿ ಕುಂತಳು.

"ಅಜ್ಜಿ, ನಾ ಹೋಗಲೇನು?"

"ಬ್ಯಾಡವಾ" ಅಂದೆ.

ಈಗ ನೋಡ್ರಿ, ನನ್ನ ಮನಸಿನೊಳಗ ಏನಿತ್ತು ಅಂತ ಹೇಳಬೇಕು. ಆ ಮೊದಲನೇ ಬ್ಯಾಡ ನನ್ನ ಬಾಯಿಂದ ತಾನ ಬಂತು, ತಾಟಿನ ಮುಂದ ಕುಂತವರಿಗೆ ಬಂದಂಗ. ಆಕಿ ಇನ್ನೊಮ್ಮೆ ಕೇಳ್ತಾಳ, ಆಗ ನಾನು ನನ್ನ ಅಂಜಿಕಿ ಹೇಳತೇನಿ. ಮತ್ತೊಮ್ಮೆ ನನ್ನ ಕೊರಳಿಗೆ ಬಿದ್ದು ಕೇಳ್ತಾಳ, ಆಗ ಅತ್ತು ಹೂಂ ಅನತೇನಿ. ಎಲ್ಲಾ ತಯಾರ ಇಟಕೊಂಡು ಕುಂತಿದ್ದೆ.

ಆಕಿ "ಆತಜ್ಜಿ" ಅಂದಳು. ಎದ್ದು ಒಳಗ ಹೋದಳು.

ನಾ ಅಕ್ಕಿಯೊಳಗಿನ ಹಳ್ಳು ಆರಿಸಿಕೋತ ಕುಂತೆ. ಈಗ ಬಂದಾಳು, ಆಗ ಬಂದಾಳು. ಒಳಗಿಂದ ಟ್ರಂಕಿನ ಚಿಲಕದ ಸಪ್ಪಳ ಬಂತು, ಅರಿವಿ ತಗದಿಡೋ ಸಪ್ಪಳ ಬಂತು. ಡಾಂಬರಗುಳಗಿ ವಾಸನಿ ಪಡಸಾಲಿಗೆ ಬಂತು. ಆಕಿ ಬರಲಿಲ್ಲ. ಯಜಮಾನರು ರುಮಾಲು ಸುತಿಗೊಂಡು, ಛತ್ರಿ ಹಿಡಕೊಂಡು ಹೊರಗ ಬಂದರು.

"ಎಲ್ಲಿಗ್ರಿ ಈ ಮಳ್ಯಾಗ?"

"ತಾರಾಫೀಸಿಗೆ. ಬರೂದಿಲ್ಲ ಅಂತ ತಿಳಸಬೇಕಲ್ಲ."

"ಯಾರ ಬರೂದಿಲ್ಲ?"

ಅವರು ಚಪ್ಪಲಿ ಮೆಟ್ಟಕೋತ ನಿಂತು, ಜೀವಮಾನದಾಗ ನನ್ನ ಕೂಡ ಅಷ್ಟು ಉದ್ದ ಮಾತು ಆಡಿದ್ದಿಲ್ಲ, ಅಂದರು: "ಒಂದ ಸಲ ಬ್ಯಾಡ ಅಂದ್ರ ಬ್ಯಾಡ ಅಂತ ದಿನಾ ತಾಟಿನ ಮುಂದ ಕುಂದರಿಸಿ ಕಲಿಸಿದಾಕಿ ನೀನ. ಹುಡುಗಿ ಛಲೋ ಕಲತಾಳ. ಈಗ ಯಾಕ ಕೇಳ್ತಿ?"

ಮರ ಎಲ್ಲಿ ಬಿತ್ತೋ, ಅಕ್ಕಿ ಎಲ್ಲಿ ಹೋದುವೋ. ಒಳಗ ಓಡಿದೆ. ಟ್ರಂಕು ಖಾಲಿ. ನೀಲಾ ಕೋಟು ತೊಡಿ ಮ್ಯಾಲ ಇಟಗೊಂಡು, ದಾವಲಸಾಬ ಕೊಟ್ಟ ಅಸ್ತರದ ಮ್ಯಾಲ ಕೈ ಆಡಿಸಿಕೋತ ಕುಂತಿದ್ದಳು. ಅಳಾಕತ್ತಿರಲಿಲ್ಲ. ಅತ್ತಿದ್ದರ ನನಗ ಅಷ್ಟು ಸಂಕಟ ಆಗತಿರಲಿಲ್ಲ.

"ಯಾಕ ತಗದಿ ಎಲ್ಲಾ?"

"ನೀ ಬ್ಯಾಡ ಅಂದೆಲ್ಲ."

"ಅದು ಮೊದಲನೇ ಬ್ಯಾಡ ಅಲ್ಲೇನ, ಹುಚ್ಚಿ!"

ಆಕಿ ನನ್ನ ಮಾರಿ ನೋಡಿದಳು. "ಇನ್ನೊಮ್ಮೆ ಕೇಳಿದ್ರ ನಿನ್ನ ಮಾತು ನಂಬಲಿಲ್ಲ ಅಂದಂಗ ಆಗ್ತೈತಿ ಅನಿಸ್ತಜ್ಜಿ. ನನ್ನ ಸಲುವಾಗಿ ಮನಸಿಲ್ಲದ ಹೂಂ ಅನಬಾರದು ನೀನು."

ಅಲ್ಲೇ ನೆಲಕ್ಕ ಕುಂತೆ. ಆ ಪರದೇಶದ ರೀತಿಯೊಳಗ ಏನೋ ಒಂದು ಒಳ್ಳೇದೂ ಐತಿ ಅಂತ ಆಗ ನನ್ನ ತಲಿಗೆ ಹೊಕ್ಕಿತು. ನನ್ನ ಒಂದು ಮಾತಿಗೆ ಈ ಹುಡುಗಿ ಸಮುದ್ರ ದಾಟೋ ಆಸೀನ ತಗದು ನೆಲಕ್ಕ ಇಟ್ಟಿದ್ದಳು. ಅಷ್ಟು ಬೆಲಿ ನನ್ನ ಮಾತಿಗೆ ಯಾರೂ ಕೊಟ್ಟಿರಲಿಲ್ಲ, ನಾನೂ ಕೊಟ್ಟಿರಲಿಲ್ಲ.

"ಈಗ ಕೇಳು" ಅಂದೆ. "ಒಂದ ಸಲ ಕೇಳು."

"ಹೋಗಲೇನಜ್ಜಿ?"

"ಹೂಂ. ಹೋಗು."

ಮದುವಿ ಊಟದಾಗ ಸುದ್ದಾ ಮೊದಲನೇ ಸಲಕ್ಕ ಹೂಂ ಅಂದಾಕಿ ಅಲ್ಲ ನಾನು. ಅಂದ ಮ್ಯಾಲ ಇಬ್ಬರೂ ಸೇರಿ ಅತ್ತಿವಿ, ಅದು ಬ್ಯಾರೆ. ಬಾಗಲಾಗಿಂದ ಯಜಮಾನರು "ಹಂಗಾರ ತಾರಿನ್ಯಾಗ ಏನ ಬರಸಲಿ?" ಅಂತ ಕೂಗಿದರು. "ಬರ್ತಾಳ ಅಂತ ಬರಸ್ರಿ!" ಅಂತ ನಾನೂ ಕೂಗಿದೆ. ಮಳ್ಯಾಗ ಛತ್ರಿ ಬಿಚ್ಚಿದ ಸಪ್ಪಳ ಕೇಳಿತು. ಅಷ್ಟು ಛಲೋ ಸಪ್ಪಳ ನಾ ಕೇಳಿಲ್ಲ.

ಹುಬ್ಬಳ್ಳಿ ಟೇಸನದಾಗ ದಾವಲಸಾಬ ಟ್ರಂಕು ಏರಿಸಿದ. ಮಿಸ್‌ಬಾಯಾರು ನನ್ನ ಕೈ ಹಿಡಕೊಂಡು ನಿಂತಿದ್ದರು. ಗಾಡಿ ಹೊಂಟಿತು. ಆಕಿ ಎರಡು ವರ್ಷ ಅಲ್ಲಿದ್ದಳು, ಹಸೀಲಿಲ್ಲ, ಕಲತಳು. ದೇವರು ದೊಡ್ಡಾವ.

ಈಗ ಬಂದ ಮ್ಯಾಲಿನ ಮಾತು. ಮೊದಲ ದಿನ ತಾಟಿಗೆ ರೊಟ್ಟಿ ಹಾಕಿದರ "ಥ್ಯಾಂಕ್ಯೂ ಅಜ್ಜಿ" ಅಂದಳು. ನೀರು ಕೊಟ್ಟರ ಥ್ಯಾಂಕ್ಯೂ. ನಾನು ಒಂದ ಸಲ ಕೇಳತಿದ್ದೆ, ಆಕಿ ಹೂಂ ಅಂದರ ಹಾಕತಿದ್ದೆ, ಸಾಕು ಅಂದರ ಹೊಳ್ಳತಿದ್ದೆ. ನಾ ಕಲಿಸಿದ್ದ ಅದು. ತಪ್ಪು ಯಾರದೂ ಅಲ್ಲ. ಊರೆಲ್ಲಾ ಬಂದಾಳ ಬಂದಾಳ ಅಂತ ಸಾರಿಕೋತ ಅಡ್ಡಾಡಿದೆ, ಮನಿಯೊಳಗ ಮಾತ್ರ ಬೀಗರಿಗೆ ನೀಡಿದಂಗ ನೀಡಿದೆ.

ಇವತ್ತ ಮಧ್ಯಾಹ್ನ ಮಾದ್ಲಿ ಮಾಡಿದ್ದೆ. ಬಿಸಿ ಹಾಲು ಹಾಕಿದೆ, ಉಂಡಳು. ತುಪ್ಪದ ಗಿಂಡಿ ತಗೊಂಡು ಬಂದು ಕೇಳಿದೆ, ಒಂದ ಸಲ.

"ಬ್ಯಾಡಜ್ಜಿ, ಸಾಕು."

ರೂಢಿ ಪ್ರಕಾರ ಗಿಂಡಿ ತಗೊಂಡು ಒಲಿ ಕಡೆ ಹೊಂಟೆ.

"ಅಜ್ಜಿ" ಅಂತ ಹಿಂದಿಂದ ಕರದಳು. "ಇನ್ನ ಎರಡ ಸಲ ಕೇಳೂದು ಉಳದೈತಿ."

ಹೊಳ್ಳಿ ನೋಡಿದೆ. ತಲಿ ಬಗ್ಗಿಸಿ ನಗಾಕತ್ತಿದ್ದಳು. ತಾಟಿನ ಮ್ಯಾಲ ಕೈ ಅಡ್ಡ ಇಟ್ಟಿದ್ದಳು, ಐದೂ ಬೆರಳು ಅಗಲಿಸಿ.

ಸುರದೆ.